ದಯವಿಟ್ಟು ನನ್ನನ್ನು ನಪಾಸು ಮಾಡಿ

ವಯಸ್ಕರ ಆನ್‌ಲೈನ್ ಕಲಿಕೆಯ ಜಿಲ್ಲಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ನೀವು ನನ್ನನ್ನು ಪಾಸು ಮಾಡಿದ್ದೀರಿ. ಅದರ ಬಗ್ಗೆಯೇ ನನ್ನ ತಕರಾರು. ನಿಮ್ಮ ಪಾಡ್‌ಕಾಸ್ಟಿನ ಒಂದು ಪಾಠವನ್ನೂ ನಾನು ಕೊನೆಯ ತನಕ ಕೇಳಿಲ್ಲ. ನಿಮ್ಮ ಬ್ಲಾಗಿನ ಒಂದು ಪುಟವನ್ನೂ ಓದಿಲ್ಲ. ಆದರೂ ಆ ಬ್ಲಾಗು ತೆರೆದರೆ ಎದುರಿಗೇ ನನ್ನ ಮೀಸೆಯ ಫೋಟೋ ಇದೆ, ಕೆಳಗೆ ‘ಆದರ್ಶ ಕಲಿಕಾರ್ಥಿ’ ಎಂದಿದೆ. ಪಾಸಾಗಲು ಕಚೇರಿಗಳಿಗೆ ಅಲೆಯುವ ಜನರನ್ನು ನೀವು ಬಹಳ ಕಂಡಿರಬಹುದು. ನಪಾಸಾಗಲು ಬೀದರಿನಿಂದ ಭಾಲ್ಕಿಗೆ, ಆಮೇಲೆ ಔರಾದಿಗೆ ಬಸ್ಸಿನಲ್ಲಿ ಅಲೆದ ಮುದುಕ ನಾನೊಬ್ಬನೇ ಇರಬೇಕು. ಮೂರೂ ಕಡೆ ನನಗೆ ಚಹಾ ಕೊಟ್ಟರು, ಅಭಿನಂದನೆ ಹೇಳಿದರು, ಹೊರಗೆ ಕಳಿಸಿದರು.

ಈ ತಕರಾರನ್ನು ಬ್ಲಾಗಿನ ಕೆಳಗೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬರೆಸಿ ನೋಡಿದ್ದೇನೆ. ಅಲ್ಲಿ ಬೈದರೆ ‘ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದಗಳು’ ಎಂದು ಬರುತ್ತದೆ, ಪ್ರತಿಕ್ರಿಯೆ ಕೊಟ್ಟದ್ದಕ್ಕೆ ನನ್ನ ಖಾತೆಗೆ ಇನ್ನಷ್ಟು ಅಂಕ ಸೇರುತ್ತದೆ. ಬೈದಷ್ಟೂ ನಾನು ಜಾಣನಾಗುತ್ತಾ ಹೋಗುತ್ತೇನೆ. ಆದ್ದರಿಂದ ಈ ಪತ್ರ ಪತ್ರಿಕೆಗೆ. ಇಲ್ಲಿ ಅಂಕ ಕೊಡುವುದಿಲ್ಲ ಎಂದು ಕೇಳಿಕೊಂಡೇ ಕಳಿಸುತ್ತಿದ್ದೇನೆ.

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ನಮ್ಮಪ್ಪ ಕೈ ಹಿಡಿದು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿಗೆ ಕರೆತಂದು ತಳ್ಳುವ ಒಂದು ಹಾತಗಾಡಿಯ ಹಿಂದೆ ನಿಲ್ಲಿಸಿದ. ಅಂದಿನಿಂದ ಬೆನ್ನು ಬಾಗುವ ತನಕ ತೊಗರಿ, ಕಡಲೆ, ಉದ್ದಿನ ಚೀಲ ಹೊತ್ತೆ. ಸಹಿ ಮಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಇಷ್ಟುದ್ದ ಬರೆಯುವುದು ನನ್ನಿಂದಾಗದು. ನಾನು ಹೇಳುತ್ತಿದ್ದೇನೆ, ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಎದುರಿಗೆ ಕೂತು ಬರೆಯುತ್ತಿದ್ದಾಳೆ. ಈ ಪತ್ರ ಇರುವುದೂ ಅವಳ ಸಲುವಾಗಿಯೇ. ತನ್ನ ಹೆಸರು ಹಾಕಿಸಬಾರದು ಎಂದು ಮೊದಲೇ ಕರಾರು ಮಾಡಿದ್ದಾಳೆ. ಯಾಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಅಲ್ಲಿಯ ತನಕ ಅವಳನ್ನು ಹೊಲಿಗೆಯಾಕೆ ಎನ್ನುತ್ತೇನೆ. ಓಣಿಯವರ ರವಿಕೆ, ಲಂಗ, ಸಾಲಿಯ ಅಂಗಿ ಎಲ್ಲ ಅವಳ ಯಂತ್ರದಿಂದಲೇ ಬರುತ್ತವೆ.

ನಮ್ಮ ಮನೆ ಗಂಜಿನ ಹಿಂದಿನ ಓಣಿಯಲ್ಲಿದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಓಣಿಯ ಹೆಂಗಸರು ನಮ್ಮ ಅಂಗಳದಲ್ಲಿ ಸೇರುತ್ತಾರೆ. ಒಬ್ಬಳು ಜೋಳ ಹಸನು ಮಾಡುತ್ತಾಳೆ, ಒಬ್ಬಳು ಕೌದಿ ಹೊಲಿಯುತ್ತಾಳೆ, ಒಬ್ಬಳು ಬರೀ ಮಾತಾಡುತ್ತಾಳೆ. ನನ್ನ ಹೆಂಡತಿ ವತ್ಸಲಾಬಾಯಿ ಗಡಿಯ ಮೆಹಕರದ ಮಗಳು, ಸಿಟ್ಟು ಬಂದರೆ ಮರಾಠಿ. ಪಕ್ಕದ ಮನೆಯ ಮಹಮೂದಾ ಬೇಗಂ ನನ್ನ ವಾರಿಗೆಯವಳು, ಅವಳ ಬಾಯಿಗೆ ಹೆದರಿ ಗಂಜಿನ ಹಮಾಲರೂ ಓಣಿ ಬದಲಿಸುತ್ತಿದ್ದರು. ಹೊಲಿಗೆಯಾಕೆ ಉರ್ದು ಸಾಲಿಯಲ್ಲಿ ಐದರ ತನಕ ಓದಿದವಳು. ಕನ್ನಡ ನಮ್ಮಷ್ಟೇ ಮಾತಾಡುತ್ತಿದ್ದಳು, ಅಕ್ಷರ ಮಾತ್ರ ಗೊತ್ತಿರಲಿಲ್ಲ.

ಈ ಅಂಗಳಕ್ಕೆ ನಿಮ್ಮ ಕಚೇರಿಯ ಹುಡುಗಿಯೊಬ್ಬಳು ಬಂದಳು. ದಿನಕ್ಕೊಂದು ಪಾಠ ಪಾಡ್‌ಕಾಸ್ಟಿನಲ್ಲಿ ಕೇಳಬೇಕು, ಅದೇ ಪಾಠವನ್ನು ಬ್ಲಾಗಿನಲ್ಲಿ ದೊಡ್ಡ ಅಕ್ಷರದಲ್ಲಿ ನೋಡುತ್ತಾ ಓದಬೇಕು, ಅದರ ಕೆಳಗೆ ನಾಲ್ಕು ಸಾಲು ಬರೆಯಬೇಕು, ಕಡೆಗೆ ಗಟ್ಟಿಯಾಗಿ ಓದಿ ದನಿ ಕಳಿಸಬೇಕು ಎಂದು ವಿವರಿಸಿದಳು. ಫೋನು ಯಾರದು ಎಂದು ಕೇಳಿದಳು. ನನ್ನದು ಎಂದೆ. ನನ್ನ ಹೆಸರು ಹಾಕಿಕೊಂಡಳು, ಫೋಟೋ ಹೊಡೆದುಕೊಂಡಳು. ಇದರಲ್ಲಿ ನಮಗೆ ಯಾರಿಗೂ ತಪ್ಪು ಕಾಣಲಿಲ್ಲ. ನಮ್ಮಲ್ಲಿ ನಳ ಒಬ್ಬ ಹಿರಿಯನ ಹೆಸರಿನಲ್ಲಿರುತ್ತದೆ, ನೀರು ಎಲ್ಲರೂ ಕುಡಿಯುತ್ತಾರೆ. ಲೈಟು ಬಿಲ್ಲು ಇಂದಿಗೂ ತೀರಿಹೋದ ನಮ್ಮಪ್ಪನ ಹೆಸರಿಗೇ ಬರುತ್ತದೆ, ಅದರಿಂದ ಬಲ್ಬಿಗೆ ಏನೂ ತೊಂದರೆಯಾಗಿಲ್ಲ. ಪಾಠವೂ ಹಾಗೆಯೇ ಎಂದುಕೊಂಡೆವು.

ಆ ದಿನದಿಂದ ಮಧ್ಯಾಹ್ನದ ಹೊತ್ತು ನನ್ನ ಫೋನು ನನ್ನದಾಗಿ ಉಳಿಯಲಿಲ್ಲ. ಅದನ್ನು ತಾಮ್ರದ ಕೊಡದೊಳಗೆ ಇಳಿಬಿಡುತ್ತಿದ್ದರು. ಕೊಡದಲ್ಲಿಟ್ಟರೆ ದನಿ ದೊಡ್ಡದಾಗಿ ಅಂಗಳದ ಮೂಲೆಗೂ ಕೇಳಿಸುತ್ತದೆ. ಪಾಠ ಮುಗಿದ ಮೇಲೆ ಹೊರಗೆ ತೆಗೆದು, ತಲೆಗೆ ತಲೆ ತಾಗಿಸಿ ಅಕ್ಷರ ನೋಡುತ್ತಿದ್ದರು.

“ಫೋನ್ ಕೊಡ್ರಿ, ಔರಾದದಿಂದ ಅಳಿಯ ಮಾತಾಡ್ತಾನ” ಎಂದು ಒಮ್ಮೆ ಕೂಗಿದೆ.

“ಅಂವ ಫೋನ್ ಮಾಡಿದ್ರ ಕೊಡದಾಗ ಬಾಯಿ ಇಟ್ಟು ಮಾತಾಡ್ರಿ, ಛಲೋ ಕೇಳ್ತದ” ಎಂದಳು ವತ್ಸಲಾಬಾಯಿ.

ನಾನು ಕಟ್ಟೆಯ ಮೇಲೆ ಅಡ್ಡಾಗುತ್ತಿದ್ದೆ. ನಿಮ್ಮ ಪಾಠ ಹೇಳುವ ಹೆಣ್ಣುಮಗಳ ದನಿ ಮೆತ್ತಗಿದೆ, ನಿದ್ದೆ ಸೊಗಸಾಗಿ ಬರುತ್ತದೆ. ನನ್ನ ಒಟ್ಟು ಕಲಿಕೆ ಇಷ್ಟೇ.

ಪಾಡ್‌ಕಾಸ್ಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಕೆಲಸ ನಿಲ್ಲಿಸದೆ ಕೇಳಬಹುದಾದ ಮಾಸ್ತರನನ್ನು ನಾನು ಈ ವಯಸ್ಸಿನಲ್ಲಿ ಮೊದಲು ನೋಡಿದೆ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೂ ಅವನು ಬೆತ್ತ ಎತ್ತುವುದಿಲ್ಲ. ನನ್ನ ಕಾಲಕ್ಕೆ ಇಂಥವನಿದ್ದಿದ್ದರೆ ನಾನು ನಾಲ್ಕನೆಯ ಇಯತ್ತೆಯ ಬಾಗಿಲು ಕಾಣುತ್ತಿದ್ದೆನೋ ಏನೋ. ಅದಿರಲಿ. ಅಂಗಳದ ಹೆಂಗಸರಲ್ಲಿ ಕೆಲವರು ತಮ್ಮ ಹೆಸರು ಬರೆಯುವಷ್ಟು ಕಲಿತು ಸಾಕು ಎಂದರು. ಮಹಮೂದಾ ಬೇಗಂ ಒತ್ತಕ್ಷರ ಬಂದ ದಿನವೇ ಕೌದಿಗೆ ಮರಳಿದಳು. ಹೊಲಿಗೆಯಾಕೆ ಒಬ್ಬಳೇ ಬಿಡಲಿಲ್ಲ. ಅವಳ ಗಂಡ ಲಾರಿ ಓಡಿಸುತ್ತಾನೆ, ಮನೆಯ ಒಂದೇ ಫೋನು ಅವನ ಜೊತೆ ಹೈದರಾಬಾದ್ ರಸ್ತೆಯಲ್ಲಿರುತ್ತದೆ. ಅವಳಿಗಿದ್ದದ್ದು ನನ್ನ ಫೋನು ಮತ್ತು ನಮ್ಮ ಕೊಡ. ಕೇಳಿದವಳು ಅವಳು, ಬರೆದವಳು ಅವಳು, ಪ್ರತಿ ಪಾಠವನ್ನೂ ಗಟ್ಟಿಯಾಗಿ ಓದಿ ದನಿ ಕಳಿಸಿದವಳು ಅವಳು, ಕೊನೆಗೆ ಫೋನಿನಲ್ಲೇ ಪರೀಕ್ಷೆ ಕೊಟ್ಟವಳೂ ಅವಳು.

ನಿಮ್ಮ ಕಚೇರಿಯಲ್ಲಿ ಇದನ್ನು ಕಂಡುಹಿಡಿಯಲು ಯಾರಿಗೂ ದಾರಿ ಇರಲಿಲ್ಲ ಎಂದು ಹೇಳಬೇಡಿ. ‘ಮರೆಯಲಾಗದ ದಿನ’ ಎಂಬ ಪಾಠದ ಕೆಳಗೆ ಏನಿದೆ, ಈಗಲೇ ತೆರೆದು ನೋಡಿ. ನನ್ನ ಹೆಸರು, ನನ್ನ ಮೀಸೆಯ ಫೋಟೋ, ಅದರ ಪಕ್ಕ ಹೀಗಿದೆ: ‘ಮೊದಲ ಹೆರಿಗೆಗೆ ತವರುಮನೆ ಬಗದಲ್‌ಗೆ ಹೊರಟಿದ್ದೆ. ದಾರಿಯಲ್ಲಿ ಟೆಂಪೊದಾಗೇ ನೋವು ಬಂತು. ಡ್ರೈವರ್ ಹೆದರಿದ, ನಾನು ಹೆದರಲಿಲ್ಲ. ಮಗಳು ಹುಟ್ಟಿದಳು.’ ಇದಕ್ಕೆ ನಿಮ್ಮ ಕಚೇರಿ ಕೊಟ್ಟ ಉತ್ತರವೂ ಅಲ್ಲೇ ಇದೆ: ‘ಸ್ಫೂರ್ತಿದಾಯಕ ಅನುಭವ, ಚಂದ್ರಕಾಂತ ಅವರೇ. ಹೀಗೆಯೇ ಮುಂದುವರಿಯಿರಿ.’

ಮಾನ್ಯರೇ, ಎಪ್ಪತ್ತು ದಾಟಿದ್ದೇನೆ. ಹೀಗೆಯೇ ಎಂದರೆ ಹೇಗೆ ಮುಂದುವರಿಯಲಿ?

(“ಕಾಕಾ, ಇದು ಪೇಪರ್‌ದಾಗ ಬ್ಯಾಡ್ರಿ” ಎಂದು ಬರೆಯುವವಳು ಇಲ್ಲಿ ಪೆನ್ನು ನಿಲ್ಲಿಸಿದಳು. “ನನ್ನ ಹೆಸರ್ಲೆ ಊರೆಲ್ಲಾ ಓದ್ಯಾದ. ನಾಚೂದಾದ್ರ ನಾ ನಾಚಬೇಕು. ನೀ ಬರಿ” ಎಂದೆ.)

ಅದನ್ನು ಓದಿದ ದಿನ ಅಂಗಳ ಬಹಳ ಹೊತ್ತು ನಕ್ಕಿತು. ಮಹಮೂದಾ ಬೇಗಂ ಕಟ್ಟೆಯ ತನಕ ಎದ್ದು ಬಂದು, “ಚಂದ್ರಕಾಂತ ಭಾಯಿ, ಬಾಣಂತಿ ಇದ್ದೀರಿ, ಗಾಳ್ಯಾಗ ಯಾಕ ಕೂತೀರಿ? ಕಿವಿಗಿ ಹತ್ತಿ ಇಟ್ಕೋರಿ” ಎಂದಳು. ನಾನೂ ನಕ್ಕೆ. ನಿಮ್ಮ ಪ್ರಮಾಣಪತ್ರ ನನ್ನ ಹೆಸರಿಗೆ ಬಂದ ದಿನ ನಗು ನಿಂತಿತು.

ಯಾಕೆಂದರೆ ಹೊಲಿಗೆಯಾಕೆ ಕಲಿತದ್ದು ಹೊತ್ತು ಹೋಗಲೆಂದಲ್ಲ. ಭಾಲ್ಕಿಯ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಕಲಿಸುವವಳು ಬೇಕಾಗಿದ್ದಾಳೆ. ಕನ್ನಡ ಓದಿ ಬರೆಯಲು ಬರಬೇಕು. ಸಾಲಿಯ ಕಾಗದ ಇಲ್ಲದವರಿಗೆ ನಿಮ್ಮ ಈ ಪ್ರಮಾಣಪತ್ರವೇ ಸಾಕು. ಇದನ್ನು ಹೇಳಿದ್ದು ನಿಮ್ಮ ಪಾಡ್‌ಕಾಸ್ಟೇ. ಕೊಡದೊಳಗಿಂದ ಅವಳು ಕೇಳಿದ್ದು ಅದನ್ನೇ. ಅಂದಿನಿಂದ ಅವಳ ಯಂತ್ರ ತುಳಿಯುವ ಸದ್ದೂ ಬೇರೆಯಾಗಿತ್ತು. ಅರ್ಜಿ ಹಾಕಲು ಈ ತಿಂಗಳ ಕೊನೆಯ ತನಕ ಮಾತ್ರ ಸಮಯವಿದೆ. ಕಲಿಸಲು ಬರುವವಳ ಕೈಯಲ್ಲಿ ಕಾಗದವಿಲ್ಲ. ಕಾಗದ ಇರುವ ನನಗೆ ಗುಂಡಿ ಹಚ್ಚಲೂ ಬರುವುದಿಲ್ಲ.

ಮೊದಲು ನಾನೇ ನಪಾಸಾಗಲು ನೋಡಿದೆ. ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದು ಎಂದು ಫೋನಿನಲ್ಲಿತ್ತು. ಕನ್ನಡಕ ಹಾಕಿಕೊಂಡು ಕೂತು ತೋಚಿದ್ದನ್ನೆಲ್ಲ ಒತ್ತಿದೆ. ತಪ್ಪು ಉತ್ತರ ಕೊಡುವುದರಲ್ಲಿ ನನಗೆ ಕಷ್ಟವೇನೂ ಆಗಲಿಲ್ಲ. ಕೊನೆಗೆ ಪರದೆಯ ಮೇಲೆ ಹೂವು ಉದುರಿದವು: ‘ನಿಮ್ಮ ಅತ್ಯುತ್ತಮ ಅಂಕವನ್ನೇ ಉಳಿಸಿಕೊಳ್ಳಲಾಗಿದೆ. ಅಭಿನಂದನೆಗಳು.’ ಜೀವನದಲ್ಲಿ ನಾನು ಎಷ್ಟೋ ಕಡೆ ಸುಲಭವಾಗಿ ಸೋತಿದ್ದೇನೆ. ಸೋಲಲು ಬಿಡದ ಜಾಗ ನಿಮ್ಮದೊಂದೇ.

ಬೀದರಿನ ನಿಮ್ಮ ಕಚೇರಿಗೆ ಹೋದೆ. ಮೇಜಿನ ಹಿಂದಿನವರು ಕೇಳಿದರು: “ಪಾಸಾಗೀರಲ್ರಿ, ಮತ್ತೇನ್ ತ್ರಾಸು?”

“ಪಾಸಾಗಿದ್ದೇ ತ್ರಾಸರಿ.”

“ನಪಾಸಾದೋರ ತಕರಾರಿಗಿ ಜಾಗಾ ಅದ. ಪಾಸಾದೋರ ತಕರಾರಿಗಿ ಇಲ್ರಿ. ಭಾಲ್ಕ್ಯಾಗ ಕೇಳ್ರಿ, ಅಲ್ಲಿ ಮಷೀನಿನೋರು ಅದಾರ.”

ಭಾಲ್ಕಿಗೆ ಹೊಲಿಗೆಯಾಕೆಯನ್ನೂ ಕರೆದುಕೊಂಡು ಹೋದೆ. ಮಷೀನಿನ ಮುಂದೆ ಅಮಿತಕುಮಾರ ಎಂಬ ಹುಡುಗನಿದ್ದ, ಒಳ್ಳೆಯವನು, ನನ್ನನ್ನು ಕೂರಿಸಿ ಮಾತಾಡಿದ. ಖಾತೆಯಲ್ಲಿ ಏನೇ ತಿದ್ದಬೇಕಾದರೂ ಖಾತೆದಾರ ತನ್ನ ದನಿಯಲ್ಲಿ ಹೇಳಬೇಕಂತೆ. ಮೈಕು ಮುಂದಿಟ್ಟ. “ನಾನು ಚಂದ್ರಕಾಂತ” ಎಂದೆ. ಕೆಂಪು ದೀಪ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದೆ. ಮತ್ತೆ ಕೆಂಪು.

“ಕಾಕಾ, ನೀವು ಚಂದ್ರಕಾಂತ ಅಲ್ಲ ಅಂತದ್ರಿ.”

“ಮತ್ತ ಯಾರಂತ?”

“ಅದ್ನ ಹೇಳೂದಿಲ್ರಿ ಅದು.”

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ, ಅಮಿತಕುಮಾರನಿಗೆ ಆ ದಿನ ಗೊತ್ತಾಯಿತು. ಆಗ ಹೊಲಿಗೆಯಾಕೆ ಮುಖದ ಮೇಲಿನ ಬಟ್ಟೆ ಸ್ವಲ್ಪ ಸರಿಸಿ, ಮೈಕಿನ ಹತ್ತಿರ ಬಾಗಿ, ಸಣ್ಣ ದನಿಯಲ್ಲಿ “ನಾನು ಚಂದ್ರಕಾಂತ” ಎಂದಳು. ಹಸಿರು ದೀಪ ಬಂತು. ಪರದೆಯ ಮೇಲೆ ‘ಸ್ವಾಗತ, ಚಂದ್ರಕಾಂತ ಅವರೇ’ ಎಂದಿತ್ತು. ಅಮಿತಕುಮಾರ ನಕ್ಕ. ನಾವಿಬ್ಬರೂ ನಗಲಿಲ್ಲ ಎಂದು ನೋಡಿ ಮೈಕನ್ನು ತನ್ನ ಕಡೆ ಎಳೆದುಕೊಂಡ.

ನಿಮ್ಮ ಮಷೀನಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ, ಹಿಂದೂ ಮುಸಲ್ಮಾನ ಎಂಬ ಭೇದವೂ ಇಲ್ಲ. ಅದು ದೊಡ್ಡ ಗುಣ, ಎಷ್ಟೋ ಮನುಷ್ಯರಲ್ಲಿ ಅದನ್ನು ನಾನು ಕಂಡಿಲ್ಲ. ಆದರೆ ಅದರ ಹಿಂದೆ ಕಿವಿ ಇರುವ ಒಬ್ಬ ಮನುಷ್ಯನನ್ನು ಕೂರಿಸಲು ನಿಮ್ಮಲ್ಲಿ ಕುರ್ಚಿ ಇರಲಿಲ್ಲವೇ? ಇಷ್ಟು ತಿಂಗಳು ಮೀಸೆಯ ಮುದುಕನ ಹೆಸರಿನಲ್ಲಿ ಒಬ್ಬ ಹೆಂಗಸು ಓದಿ ಕಳಿಸಿದ್ದನ್ನು ಒಂದು ಸಲವಾದರೂ ಯಾರಾದರೂ ಕೇಳಿದ್ದರೆ ನಾವು ಅಲ್ಲಿ ಹಾಗೆ ಕೂತಿರುತ್ತಿರಲಿಲ್ಲ. ಕೇಳಿ ಕಲಿಯಿರಿ ಎಂದು ಊರಿಗೆಲ್ಲ ಹೇಳುವ ಕಚೇರಿ ತಾನು ಏನನ್ನೂ ಕೇಳುವುದಿಲ್ಲ.

ಅಮಿತಕುಮಾರ ನಮಗೆ ಇರುವ ದಾರಿಗಳನ್ನು ಬಿಡಿಸಿ ಹೇಳಿದ. ಪ್ರಮಾಣಪತ್ರ ಹೊರಬಿದ್ದ ಮೇಲೆ ಹೆಸರು ತಿದ್ದಲು ಬರುವುದಿಲ್ಲ. ಖಾತೆಯನ್ನು ರದ್ದು ಮಾಡಿದರೆ ಅವಳು ಓದಿದ್ದು, ಬರೆದದ್ದು ಎಲ್ಲ ಅಳಿಸಿಹೋಗುತ್ತದೆ, ಅವಳು ಕಲಿತೇ ಇಲ್ಲ ಎಂದಾಗುತ್ತದೆ. ಹೊಸ ನಂಬರಿನಿಂದ ಸೇರಿಸಿ ನೋಡೋಣ ಎಂದು ಅವನ ಫೋನಿನಿಂದಲೇ ಪ್ರಯತ್ನಿಸಿದ. ಅವಳು ಒಂದು ಸಾಲು ಓದಿದಳು. ‘ಈ ಧ್ವನಿ ಚಂದ್ರಕಾಂತ ಅವರದು, ಇವರು ಈಗಾಗಲೇ ಉತ್ತೀರ್ಣರಾಗಿದ್ದಾರೆ’ ಎಂದು ಬಂತು. ಕಡೆಗೆ ಅವನು ಬಾಗಿಲ ತನಕ ಬಂದು ನನ್ನ ಕಿವಿಯಲ್ಲಿ ಹೇಳಿದ: “ಕಾಕಾ, ಜಾಸ್ತಿ ಎಳೀಬ್ಯಾಡ್ರಿ. ಬ್ಯಾರೆಯೋರ ಹೆಸರ್ಲೆ ಪರೀಕ್ಷಾ ಕೊಟ್ಟಾರ ಅಂತ ಅಕ್ಕೋರ ಮ್ಯಾಲೇ ಬರ್ತದ.”

ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿತ್ತು. ತನ್ನ ಹೆಸರು ಹಾಕಬೇಡ ಎಂದದ್ದು ಇದಕ್ಕೇ. ಬೀದರಿನ ತನಕ ಬಸ್ಸಿನಲ್ಲಿ ಅವಳು ದಾರಿಯಲ್ಲಿ ಬಂದ ಅಂಗಡಿಯ ಬೋರ್ಡುಗಳನ್ನೆಲ್ಲ ತುಟಿ ಅಲುಗಿಸುತ್ತಾ ಓದುತ್ತಿದ್ದಳು. ನಾನು ಪಕ್ಕದಲ್ಲಿ ನೋಡುತ್ತಾ ಕೂತಿದ್ದೆ. ನಾನು ಹೆಸರು ಬಿಡಬೇಕೆಂದರೆ ಬಿಡಲು ಬರುವುದಿಲ್ಲ. ಅವಳು ತನ್ನ ದನಿ ಹಿಂದಕ್ಕೆ ಪಡೆಯಬೇಕೆಂದರೆ ಕಳ್ಳಿಯಾಗಬೇಕು. ಇಂಥ ಬಲೆಯನ್ನು ಯಾವ ಬುದ್ಧಿವಂತ ಕೂತು ಹೆಣೆದನೋ, ಅವನ ಬಗ್ಗೆ ನಾನು ಹೇಳಿದ ಒಂದು ಮಾತನ್ನು ಬರೆಯುವವಳು ಬರೆಯಲು ಒಪ್ಪಲಿಲ್ಲ. ನೀವೇ ಊಹಿಸಿಕೊಳ್ಳಿ.

ಆಮೇಲೆ ಔರಾದಿನ ನಿಮ್ಮ ಸನ್ಮಾನ ಸಮಾರಂಭ. ಅದು ನಿಮಗೆ ನೆನಪಿರಬೇಕು, ಶಾಲು ಹೊದಿಸಿದ್ದು ನಿಮ್ಮದೇ ಕೈ. ನಾನು ಬಂದದ್ದು ಶಾಲಿಗಲ್ಲ, ಮೈಕಿಗೆ. ನಾಲ್ಕು ಜನರ ಮುಂದೆ ಹೇಳಿದರೆ ಗಂಟು ಬಿಚ್ಚುತ್ತದೆ ಎಂದುಕೊಂಡಿದ್ದೆ. “ಎಲ್ಲಾರಿಗಿ ಶರಣರಿ. ನಾ ಏನೂ ಕಲ್ತಿಲ್ರಿ. ಇವ್ರು ಪಾಠ ಹೇಳ್ತಿದ್ರು, ನಾ ಮಲ್ಕೊಂಡಿದ್ದೆ. ಕಲ್ತಾಕಿ ಬ್ಯಾರೆ ಅದಾಳ, ನಮ್ಮ ಓಣಿಯಾಕಿ. ಈ ಶಾಲು, ಈ ಕಾಗದ ಎಲ್ಲಾ ಆಕಿಗಿ ಸಲ್ಲಬೇಕ್ರಿ” ಎಂದೆ. ಸಭೆ ಚಪ್ಪಾಳೆ ತಟ್ಟಿತು. ನೀವು ಎದ್ದು ನಿಂತು, ಇದೇ ನಮ್ಮ ಹಿರಿಯರ ವಿನಯ ಎಂದಿರಿ. ಮಾನ್ಯರೇ, ನನ್ನ ಮೇಲೆ ಜನ ಬಹಳ ಅಪವಾದ ಹೊರಿಸಿದ್ದಾರೆ, ವಿನಯದ ಅಪವಾದವನ್ನು ಅಲ್ಲಿಯ ತನಕ ಯಾರೂ ಹೊರಿಸಿರಲಿಲ್ಲ.

ಮುಂದಿನ ವಾರ ಅದು ಪಾಡ್‌ಕಾಸ್ಟಿನಲ್ಲಿ ಬಂತು. ಫೋನು ಕೊಡದಲ್ಲಿತ್ತು, ಹೆಂಗಸರೆಲ್ಲ ಸುತ್ತ ಕೂತಿದ್ದರು, ನಾನೂ ಅಂದು ಮಲಗಿರಲಿಲ್ಲ. “ಎಲ್ಲಾರಿಗಿ ಶರಣರಿ” ಎಂದು ನನ್ನ ದನಿ ಬಂತು. ಆಮೇಲೆ ಕೊಳಲು. ಕೊಳಲು ನಿಂತ ಮೇಲೆ ನಿಮ್ಮ ಪಾಠ ಹೇಳುವ ಹೆಣ್ಣುಮಗಳು, ಇಳಿವಯಸ್ಸಿನಲ್ಲಿ ಅಕ್ಷರದ ಹಸಿವು ಎಂದೇನೋ ಹೇಳಿದಳು. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು. ನಾನು ಹೇಳಿದ್ದೆಲ್ಲ ಆ ಕೊಳಲಿನ ಕೆಳಗೆ ಹೂತುಹೋಗಿತ್ತು. ಹೊಲಿಗೆಯಾಕೆ ಎದ್ದು, ಕೊಡದಿಂದ ಫೋನು ತೆಗೆದು, ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಮರುದಿನ ಪಾಠಕ್ಕೆ ಬರಲಿಲ್ಲ. ಈಗ ಕೊಡದಲ್ಲಿ ನೀರಿದೆ.

ಗಂಜಿನಲ್ಲಿ ನಾನು ಹೊತ್ತ ಚೀಲಗಳ ಮೇಲೆ ವ್ಯಾಪಾರಿಯ ಹೆಸರು ದಪ್ಪ ಬಣ್ಣದಲ್ಲಿ ಬರೆದಿರುತ್ತಿತ್ತು. ಬೆನ್ನು ನನ್ನದು, ಹೆಸರು ಅವನದು. ಆಗೆಲ್ಲ ಆ ಹೆಸರಿಗೆ ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಈ ವಯಸ್ಸಿನಲ್ಲಿ ನೀವು ನನ್ನನ್ನು ಚೀಲದ ಮೇಲಿನ ಹೆಸರು ಮಾಡಿದಿರಿ. ಕೆಳಗೆ ಬಾಗಿದ ಬೆನ್ನು ಯಾರದೆಂದು ನನಗೆ ಗೊತ್ತಿದೆ, ದಿನಾ ಬೆಳಗಾದರೆ ಎದುರು ಮನೆಯಲ್ಲಿ ಕಾ‌ಣುತ್ತದೆ. ಶಾಲು ಹೊದ್ದು ನಾನು ಹೇಗೆ ಹೊರಗೆ ಬರಲಿ?

ನಿಮ್ಮ ಕಚೇರಿಯಿಂದ ಒಂದು ಉತ್ತರ ಬಂದಿದೆ, ಇಲ್ಲವೆನ್ನುವುದಿಲ್ಲ. ‘ಒಂದು ಸಂಖ್ಯೆ, ಒಬ್ಬ ಕಲಿಕಾರ್ಥಿ. ಪ್ರತಿಯೊಬ್ಬರೂ ತಮ್ಮದೇ ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಆಲಿಸತಕ್ಕದ್ದು.’ ನಮ್ಮ ಅಂಗಳದಲ್ಲಿ ಒಬ್ಬಳಿಗೆ ತಿಳಿಯದ್ದನ್ನು ಇನ್ನೊಬ್ಬಳು ಮರಾಠಿಯಲ್ಲಿ ಹೇಳುತ್ತಿದ್ದಳು, ಮತ್ತೊಬ್ಬಳು ದಖನಿ ಉರ್ದುವಿನಲ್ಲಿ. ಪಾಠ ಕೊಡದಿಂದ ಬರುತ್ತಿತ್ತು, ಅರ್ಥ ಪಕ್ಕದವಳಿಂದ. ಕಿವಿಗೆ ಬೂಚು ಹಾಕಿಕೊಂಡು ಒಬ್ಬೊಬ್ಬಳೇ ಮೂಲೆಯಲ್ಲಿ ಕೂತರೆ ಅದು ಬರುತ್ತದೆಯೇ? ನಿಮ್ಮ ಮನೆಯಲ್ಲಿ ಒಂದು ದೀಪಕ್ಕೆ ಒಬ್ಬರೇ ಕೂರುತ್ತೀರೇನು?

ನನ್ನ ಬೇಡಿಕೆ ದೊಡ್ಡದಲ್ಲ. ಯಾವುದಾದರೂ ಮಧ್ಯಾಹ್ನ ನಮ್ಮ ಅಂಗಳಕ್ಕೆ ಬನ್ನಿ, ಮಷೀನು ಕಚೇರಿಯಲ್ಲಿರಲಿ. ನಿಮಗೆ ಬೇಕಾದ ಪುಟವನ್ನು ನೀವೇ ಆರಿಸಿ. ಮೊದಲು ನನಗೆ ಕೊಡಿ, ಆಮೇಲೆ ಅವಳಿಗೆ ಕೊಡಿ. ನಿಮ್ಮ ಸ್ವಂತ ಎರಡು ಕಿವಿಯಿಂದ ಕೇಳಿ. ಕೇಳಿದ ಮೇಲೆ ತಿಂಗಳು ಮುಗಿಯುವ ಮೊದಲು ಪ್ರಮಾಣಪತ್ರವನ್ನು ಅವಳ ಹೆಸರಿಗೆ ಬರೆದುಕೊಡಿ. ನನ್ನ ಫೋಟೋ ಅಲ್ಲೇ ಇರಲಿ ಬೇಕಾದರೆ, ಕೆಳಗೆ ‘ನಪಾಸು’ ಎಂದು ದಪ್ಪಗೆ ಹಾಕಿ. ತಪ್ಪು ಯಾರದಾದರೂ ಆಗಲೇಬೇಕೆಂದಿದ್ದರೆ ಫೋನು ನನ್ನದು ಎಂದವನು ನಾನು, ನನ್ನ ಮೇಲೆ ಹಾಕಿ. ಅವಳ ತಂಟೆಗೆ ಹೋಗಬೇಡಿ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಬರೆಯುವವಳು ಪೆನ್ನು ಕೆಳಗಿಡಲಿಲ್ಲ.

“ಕಾಕಾ, ಕೆಳಗ ಯಾರ ಹೆಸರ್ರಿ?”

“ನಂದು. ನಿಂದು ಬ್ಯಾಡಂತ ನೀನೇ ಅಂದಿ.”

“ಇದಕ್ಕೂ ನಿಮ್ದೇ ಹೆಸರ ಬೀಳ್ತದ?”

ಕೆಳಗಿನ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿ, ಕಾಗದವನ್ನು ಅವಳ ಕಡೆಗೇ ಸರಿಸಿದೆ.

“ನನ್ನ ಹೆಸರ ಬರದ್ರ ಏನ್ ಮಾಡ್ತಾರ್ರಿ? ಹಿಡೀತಾರ?”

“ನಿನ್ನ ದನಿ ಆಗ್ಲೇ ಹಿಡದಾರ. ಇನ್ನೇನ್ ಹಿಡೀತಾರ ನನಗಂತೂ ಗೊತ್ತಿಲ್ಲವ್ವಾ” ಎಂದೆ. ಸುಳ್ಳು ಧೈರ್ಯ ಹೇಳಲು ನನಗೆ ಬರುವುದಿಲ್ಲ.

ಒಳಗಿನಿಂದ ವತ್ಸಲಾಬಾಯಿ ಅಂದಳು: “ಬರಿ ಮಗಳ. ಕೊಡದಾಗ ಎಷ್ಟ ದಿನಾ ಕೂಡ್ತಿ?”

ಅವಳು ಕಾಗದ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ, ಈಗ ಆಡಿದ್ದನ್ನೂ ಬರೆಯಲೇ ಎಂದು ಕೇಳಿದಳು. ಎಲ್ಲಾ ಬರಿ ಎಂದೆ. ಬರೆದಿದ್ದಾಳೆ.

ಇಂತಿ,
ಮಲಗಿದ್ದಲ್ಲೇ ಪಾಸಾಗಿ, ಎದ್ದ ಮೇಲೆ ಬಿಡುಗಡೆ ಕಾಣದ
ಚಂದ್ರಕಾಂತ
ಗಾಂಧಿ ಗಂಜಿನ ಹಿಂದಿನ ಓಣಿ, ಬೀದರ

ಇದನ್ನು ಬರೆದವಳು, ನಿಮ್ಮ ಮಷೀನಿನಲ್ಲಿ ಚಂದ್ರಕಾಂತ ಆಗಿರುವವಳು,
ಸುಗರಾ